ಸೀಗೆಮಟ್ಟಿಗೆ ಬಿದ್ದ ಸೊನ್ನೆ

ಸೀಗೆಮಟ್ಟಿ, ಸಂಡೂರು ತಾಲ್ಲೂಕು
ಗುರುವಾರ, 30 ಅಕ್ಟೋಬರ್ 2025

ಕಾವ್ಯ,

ನಿನ್ನ ಅಜ್ಜಿ ಹುಲುಗಮ್ಮನ ಆಶೀರ್ವಾದ. ಸಿಟ್ಟಿನಲ್ಲಿ ಬರೆಯುತ್ತಿರುವುದರಿಂದ ಅಕ್ಷರಗಳು ಒತ್ತಿ ಬಿದ್ದು ಹಿಂದಿನ ಪುಟಕ್ಕೂ ಮೂಡಿವೆ. ಆಶೀರ್ವಾದ ಮಾತ್ರ ಖರೆ. ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾವು ಕ್ಷೇಮವಾಗಿಲ್ಲ, ಅದಕ್ಕೇ ಆ ಸಾಲು ಬಿಟ್ಟಿದ್ದೇನೆ.

ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಪಕ್ಕದ ಮನೆ ರೇಣುಕಾದೇವಿಯ ಫೋನಿನಿಂದ ಮಾಡಿದೆ. ನನ್ನ ದನಿ ಕೇಳಿದ ಕೂಡಲೇ "ಅಜ್ಜಿ, ಮೀಟಿಂಗ್‌ನ್ಯಾಗ ಅದೀನಿ" ಅಂದು ಇಟ್ಟುಬಿಟ್ಟೆ. ಭಾನುವಾರ ಸಂಜೆ ಯಾವ ಮೀಟಿಂಗು ತಾಯಿ? ನಿನ್ನ ಆಫೀಸಿನ ಹತ್ತಿರದ ಡ್ಯಾಮಿನ ಮೀನುಗಳ ಜೊತೆಗೋ? ಅದಕ್ಕೆ ಈ ಕಾಗದ. ಫೋನಿನ ಹಾಗೆ ಇದನ್ನು ನಡುವೆ ಕತ್ತರಿಸಲು ಬರುವುದಿಲ್ಲ. ಹರಿದು ಒಗೆಯಬಹುದು, ಆದರೆ ಹರಿಯುವ ಮುಂಚೆ ಯಾರ ಕಣ್ಣೂ ನಾಲ್ಕು ಸಾಲು ಓದದೇ ಇರುವುದಿಲ್ಲ. ಆದ್ದರಿಂದ ಮುಖ್ಯ ಮಾತನ್ನು ಮೊದಲೇ ಬರೆಯುತ್ತೇನೆ.

ಬರುವ ಸೋಮವಾರ ಸಂಡೂರಿನ ಕೋರ್ಟಿನಲ್ಲಿ ನಿನ್ನ ಅವ್ವ ಶಾಂತಕ್ಕನ ಕೇಸು ಇದೆ. ನೀನು ಬರಬೇಕು. ಬಂದು, ನಿನ್ನ ಕಂಪ್ಯೂಟರಿನಲ್ಲಿ ನಮ್ಮೂರಿನ ಹೆಸರಿನ ಮುಂದೆ ತುಂಬಿದ ಸೊನ್ನೆ ಸುಳ್ಳು ಎಂದು ಹೇಳಬೇಕು. ನಾನು ಕೇಳುವುದು ಇಷ್ಟೇ. ಉಳಿದದ್ದನ್ನು ಬೇಕಾದರೆ ಓದು, ಇಲ್ಲವಾದರೆ ಬಿಡು.

ಬಿಡಬೇಡ, ಓದು.

ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆಂದು ಮೂಗು ಮುರಿಯಬೇಡ. ಒಂದೇ ಸಂಗತಿ ನಿನ್ನ ಆಫೀಸಿನ ಕುರ್ಚಿಯಿಂದ ಒಂದು ಥರ ಕಾಣುತ್ತದೆ, ನಮ್ಮ ಕಟ್ಟೆಯ ಮೇಲಿಂದ ಇನ್ನೊಂದು ಥರ. ಕಟ್ಟೆಯ ಮೇಲೆ ಒಂದು ಸಲ ಬಂದು ಕೂತುಕೋ.

ಹೋದ ವರ್ಷ ದಸರಾದ ಮುಂದೆ ನೀನು ಟ್ಯಾಬ್ ಹಿಡಿದು ಊರಿಗೆ ಬಂದೆಯಲ್ಲ, ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ. ನಿನ್ನ ಅವ್ವ ಆ ಚೀಟಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಅದರ ಮೇಲಿನ ಫೋಟೋದಲ್ಲಿ ನೀನು ಸೊರಗಿದ್ದೀ ಎಂದು ಬೇಜಾರೂ ಮಾಡಿಕೊಂಡಳು. ಆವತ್ತು ನಾನು ನಿನ್ನ ಕೆಲಸ ಎಂಥದ್ದು ಎಂದು ಕೇಳಿದೆ. ನೀನು ತಿಳಿಸಿ ಹೇಳಿದೆ. ಇಷ್ಟು ದಿನ ದೇಶದ ಕಾಡಿನ ಲೆಕ್ಕವೆಲ್ಲ ಒಂದೊಂದು ಆಫೀಸಿನ ಒಂದೊಂದು ಕಪಾಟಿನಲ್ಲಿ ಬಿದ್ದಿತ್ತಂತೆ, ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲವಂತೆ. ಈಗ ಎಲ್ಲವನ್ನೂ ಒಂದೇ ಕಡೆ ಕೂಡಿಸುತ್ತಾರಂತೆ. ಮರ ಎಷ್ಟು, ಮಣ್ಣು ಎಂಥದ್ದು, ಬೆಂಕಿ ಎಲ್ಲಿ ಬಿತ್ತು, ಯಾವ ಊರಿನವರು ಕಾಡಿನಿಂದ ಏನೇನು ತಂದು ಬದುಕುತ್ತಾರೆ, ಎಲ್ಲ. ಡೆಲ್ಲಿಯಲ್ಲಿ ಕಾಡಿಗೆ ಕಾಯಿದೆ ಮಾಡುವವರು, ಯೋಜನೆ ಹಾಕುವವರು ಇನ್ನು ಮುಂದೆ ಬಾಯಿಗೆ ಬಂದಂತೆ ಮಾಡುವ ಹಾಗಿಲ್ಲ, ಅದನ್ನು ತೆರೆದು ನೋಡಿಯೇ ಮಾಡಬೇಕು ಅಂದೆ. "ಮರಾನ ಮ್ಯಾಲಿಂದ ಸ್ಯಾಟಲೈಟ್ ನೋಡ್ತೈತಿ ಅಜ್ಜಿ. ಆದ್ರ ಮರದ ಬುಡಕ್ಕ ಕುಂತ ಹೆಂಗಸು ಅದಕ್ಕ ಕಾಣಂಗಿಲ್ಲ. ಅದಕ್ಕ ನನ್ನಂಥೋರು ಮನಿಮನಿಗೆ ಹೋಗಬೇಕು" ಅಂದೆ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ರೇಣುಕಾದೇವಿಯ ಹತ್ತಿರ ನನ್ನದೇ ಮಾತು ಎನ್ನುವಂತೆ ಹೇಳಿಕೊಂಡೆ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡಿದೆ. ಜೊತೆಗೆ ಕಾಡಿನ ಗಾರ್ಡ್ ಸುಂಕಪ್ಪ. ಅವನನ್ನು ಯಾಕೆ ಕರೆತಂದೆ ಎಂದು ನಾನು ಆವತ್ತೂ ಕೇಳಿದೆ, ಇವತ್ತೂ ಕೇಳುತ್ತೇನೆ. ದಾರಿ ತೋರಿಸಲು ಅಂದೆ. ನೀನು ಹುಟ್ಟಿದ ಮನೆಗೆ ದಾರಿ! ಸುಂಕಪ್ಪನ ಬೈಕಿನ ಸದ್ದು ಓಣಿಯಲ್ಲಿ ಕೇಳಿದ ಕೂಡಲೇ ನಿನ್ನ ಅವ್ವ ಸೀತಾಫಲದ ಬುಟ್ಟಿಗಳ ಮೇಲೆ ಹಳೇ ಸೀರೆ ಎಳೆದು, ಕಟ್ಟಿಗೆ ಹೊರೆಯ ಮೇಲೆ ತಾನೇ ಕೂತುಬಿಟ್ಟಳು. ನೀನು ಎದುರಿಗೆ ಕೂತೆ. ಸುಂಕಪ್ಪ ಬಾಗಿಲ ಕಂಬಕ್ಕೆ ಒರಗಿದ.

"ಮನಿ ಯಜಮಾನಿ ಹೆಸರು?" ಅಂದೆ.

"ಯಾಕ, ಮರ್ತೀಯೇನು?" ಅಂದಳು ನಿನ್ನ ಅವ್ವ.

"ಕೇಳಲೇಬೇಕವ್ವ, ರೂಲ್ಸು. ಕಾಡಿನಿಂದ ಕಟ್ಟಿಗಿ ತರ್ತೀರೇನು?"

"ಇಲ್ಲವ್ವ. ಗ್ಯಾಸ್ ಐತಿ."

"ಹಣ್ಣು, ಕಾಯಿ, ಪೊರಕಿ ಹುಲ್ಲು?"

"ಏನೂ ಇಲ್ಲ. ನಾವು ಆ ಕಡಿಗೆ ತಲಿ ಹಾಕಿ ಮಲಗಂಗಿಲ್ಲ."

"ದನ ಮೇಯಿಸಾಕ ಹೋಗ್ತೀರೇನು?"

"ದನ ಎಲ್ಲಿ ಅದಾವು ನಮಗ?" ಅಂದಳು. ಅದೇ ಹೊತ್ತಿಗೆ ಹಿತ್ತಲಲ್ಲಿ ಎಮ್ಮೆ ಒದರಿತು. ಸುಂಕಪ್ಪ ಮುಸಿಮುಸಿ ನಕ್ಕ. ನೀನು ನಗಲಿಲ್ಲ, ಬೆರಳಿನಿಂದ ಸೊನ್ನೆ, ಸೊನ್ನೆ, ಸೊನ್ನೆ ಒತ್ತಿದೆ. ಆಮೇಲೆ ನಿನ್ನ ಅವ್ವ ಆ ಸೀರೆ ಸರಿಸಿ, ಸುಂಕಪ್ಪನ ಹೆಲ್ಮೆಟ್ಟಿನ ತುಂಬ ಹಣ್ಣು ತುಂಬಿ ಕೊಟ್ಟಳು. ಅವನು ಅದನ್ನು ಕೂಸಿನಂತೆ ತೊಡೆಯ ನಡುವೆ ಇಟ್ಟುಕೊಂಡು ಬೈಕ್ ಹೊಡೆದುಕೊಂಡು ಹೋದ. ನೀನೂ ನೋಡಿದೆ. ನಿನ್ನ ಟ್ಯಾಬೊಂದೇ ನೋಡಲಿಲ್ಲ.

ಸೀಗೆಮಟ್ಟಿಯಲ್ಲಿ ಕೂಸಿಗೆ ಅವ್ವ ಅನ್ನುವುದನ್ನು ಕಲಿಸಿದ ಮೇಲೆ ಕಲಿಸುವ ಮಾತೇ "ಇಲ್ಲ". ಖಾಕಿ ಹಾಕಿದವನು ಕಾಡಿನ ಬಗ್ಗೆ ಏನು ಕೇಳಿದರೂ ಇಲ್ಲ. ನನ್ನ ಅತ್ತೆ ಒಂದು ಹೊರೆ ಒಣಕಟ್ಟಿಗೆಗಾಗಿ ಠಾಣೆಯ ಮುಂದೆ ಬಿಸಿಲಲ್ಲಿ ಕೂತು ಬಂದಳಲ್ಲ, ಅವಳ ಕಾಲದಿಂದ ನಡೆದದ್ದು. ನೀನೇ ಲಂಗ ಹಾಕಿಕೊಳ್ಳುವ ವಯಸ್ಸಿನಲ್ಲಿ ಬಾಯಿ ತುಂಬ ಕಾರೆಹಣ್ಣು ಇಟ್ಟುಕೊಂಡು, ಸುಂಕಪ್ಪನಿಗಿಂತ ಮುಂಚೆ ಇದ್ದ ಗಾರ್ಡಿನ ಮುಂದೆ ನಿಂತು ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದವಳು. ರಸ ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಆ ಗಾರ್ಡು ನಿನ್ನ ಗಲ್ಲ ಹಿಂಡಿ ಹೋದ.

ಬೇರೆ ಊರಿನ ಹುಡುಗಿ ಬಂದು ನಮ್ಮ ಇಲ್ಲವನ್ನು ಇಲ್ಲ ಎಂದೇ ಬರೆದುಕೊಂಡಿದ್ದರೆ ನಾನು ಅವಳನ್ನು ಬೈಯುತ್ತಿರಲಿಲ್ಲ. ಅವಳಿಗೇನು ಗೊತ್ತು? ನಿನಗೆ ಗೊತ್ತಿತ್ತು. ನೀನು ಡಿಗ್ರಿ ಓದಿದ್ದೇ ಆ ಹಣ್ಣಿನಿಂದ. ನಿನ್ನ ಅಪ್ಪ ಕಂಪ್ಲಿಯ ಅಕ್ಕಿ ಮಿಲ್ಲಿಗೆ ಹಮಾಲಿಗೆಂದು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ, ನಿನ್ನ ಅವ್ವ ಸೀತಾಫಲದ ದಿನಗಳಲ್ಲಿ ಹಂಪಿಗೆ ಹೋಗಿ ಪರದೇಶದ ಮಂದಿಯ ಮುಂದೆ ಬುಟ್ಟಿ ಇಟ್ಟುಕೊಂಡು, ಬೀಜ ನುಂಗಬ್ಯಾಡ್ರಿ ಎಂದು ಕೈಸನ್ನೆ ಮಾಡಿ ಮಾಡಿ ಮಾರಿದವಳು. ಹಣ್ಣಿಲ್ಲದ ದಿನಗಳಲ್ಲಿ ಪೊರಕೆ ಹುಲ್ಲು. ಹುಲ್ಲೂ ಇಲ್ಲದ ದಿನಗಳಲ್ಲಿ ಕಟ್ಟಿಗೆ. ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ, ಖರೆ. ಅದರ ಮೇಲೆ ನಾನು ಹಪ್ಪಳ ಒಣಗಿಸುತ್ತೇನೆ.

ನಮ್ಮ ಮನೆ ಆದ ಮೇಲೆ ಉಳಿದ ಮನೆಯವರೂ ಅದನ್ನೇ ಹೇಳಿದರು. ಶಾಂತಕ್ಕನ ಮಗಳೇ ಕೇಳಲು ಬಂದಿದ್ದಾಳೆ, ಶಾಂತಕ್ಕನೇ ಇಲ್ಲ ಅಂದಿದ್ದಾಳೆ, ನಾವು ಬೇರೆ ಅಂದರೆ ಅವರಿಗೆ ಕೇಡು ಬಗೆದ ಹಾಗೆ ಎಂದುಕೊಂಡರು. ಹೀಗೆ ಊರಿಗೆ ಊರೇ ಸೊನ್ನೆಯಾಯಿತು. ಆ ಸಂಜೆ ನೀನು ಊಟಕ್ಕೆ ಕೂತಾಗ ನಿನ್ನ ಅವ್ವ, "ಹೆಂಗ ಹೇಳಿದೆ ನೋಡು!" ಎಂದು ಬೀಗಿದಳು. ನೀನು ತಟ್ಟೆಯಲ್ಲಿ ಬೆರಳಾಡಿಸಿದೆ. ಆಮೇಲೆ ಸಾರು ಚೆನ್ನಾಗಿದೆ ಅಂದೆ. ಆ ಸಾರಿಗೆ ನಾನು ಉಪ್ಪು ಹಾಕುವುದನ್ನೇ ಮರೆತಿದ್ದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಗುಡ್ಡದ ಸುತ್ತ ಕಲ್ಲುಕಂಬ ಬಂದವು. ಆಮೇಲೆ ತಂತಿ ಬಂತು. ಊರ ಹಿರಿಯ ಗಾಳೆಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಕಾಡಿನ ಇಲಾಖೆಯ ಸಾಹೇಬರನ್ನು ಕೇಳಲು ಹೋದ, ನಾನೂ ಹಿಂದೆ ಹೋದೆ. ಚಿಕ್ಕ ವಯಸ್ಸಿನ ಸಾಹೇಬ, ಒಳ್ಳೆಯ ಮಾತು. ನಮಗೆ ಕುರ್ಚಿ ಹಾಕಿಸಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಸುತ್ತಲ ಗುಡ್ಡಗಳಿಗೆಲ್ಲ ಕೆಂಪು, ನಮ್ಮ ಗುಡ್ಡಕ್ಕೆ ಮಾತ್ರ ಹಳದಿ. ಹಳದಿ ಅಂದರೆ ಜನರ ಅವಲಂಬನೆ ಇಲ್ಲದ ಕಾಡು ಅಂದ. ಬೇರೆಲ್ಲೋ ಗಣಿಗೆ ಕಾಡು ಹೋಗುತ್ತದಂತೆ, ಅದಕ್ಕೆ ಬದಲಾಗಿ ಇನ್ನೊಂದು ಕಡೆ ಗಿಡ ನೆಟ್ಟು ಬೇಲಿ ಹಾಕಿ ಕಾಯಬೇಕಂತೆ. ಯಾವ ಗುಡ್ಡಕ್ಕೆ ಬೇಲಿ ಹಾಕಿದರೆ ಜನರಿಗೆ ತೊಂದರೆಯಾಗುವುದಿಲ್ಲ ಎಂದು ಕಂಪ್ಯೂಟರನ್ನು ಕೇಳಿದರಂತೆ, ಅದು ನಮ್ಮದನ್ನು ತೋರಿಸಿತಂತೆ. "ಅಮ್ಮಾ, ಪಕ್ಕದ ಊರಿನವರು ನಾವು ದಿನಾ ಕಾಡಿಗೆ ಹೋಗ್ತೇವೆ, ಕಟ್ಟಿಗೆ ತರ್ತೇವೆ ಅಂತ ಬರೆಸಿದ್ದಾರೆ. ಅದಕ್ಕೆ ಅವರ ಗುಡ್ಡ ಬಿಟ್ಟಿದ್ದೀವಿ" ಅಂದ. ಪಕ್ಕದ ಊರಿಗೂ ನೀನೇ ಹೋಗಿದ್ದೆ. ಸತ್ಯ ಹೇಳಿದವರ ಗುಡ್ಡ ಉಳಿಯಿತು.

ಏನೂ ಅನ್ನಬೇಡಿರೆಂದು ಗಾಳೆಪ್ಪ ನಮಗೆಲ್ಲ ಕಣ್ಸನ್ನೆ ಮಾಡಿದ. ಈಗ ಹೋಗುತ್ತೇವೆ ಅಂದರೆ ಇಷ್ಟು ವರ್ಷ ಕದ್ದೆವು ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂಬುದು ಅವನ ಹೆದರಿಕೆ. ಚಹಾ ಕುಡಿದು ಬಂದೆವು. ಚಹಾ ಮಾತ್ರ ಚೆನ್ನಾಗಿತ್ತು.

ಗಣೇಶನ ಹಬ್ಬ ಕಳೆದು, ಸೀತಾಫಲದ ಕಾಯಿ ಕಣ್ಣು ಬಿಟ್ಟು ಬಲಿಯುವ ಹೊತ್ತಿಗೆ ಗುಂಡಿ ತೋಡುವವರು ಬಂದರು. ಮರಿಯಮ್ಮನಹಳ್ಳಿ ಕಡೆಯ ಕೂಲಿಯವರು, ಪಾಪ, ಅವರಿಗೆ ಏನೂ ಗೊತ್ತಿಲ್ಲ. ಗಿಡ ನೆಡಲು ಜಾಗ ಬೇಕಲ್ಲ, ಸೀತಾಫಲದ ಗಿಡಗಳನ್ನು ಬುಡಕ್ಕೇ ಕಡಿದರು. ಸೀತಾಫಲ ಲೆಕ್ಕದಲ್ಲಿ ಮರ ಅಲ್ಲವಂತೆ, ಪೊದೆಯಂತೆ. ನೀನು ದೊಡ್ಡವಳಾದಾಗ ನಿನ್ನ ಅವ್ವ ನಿನ್ನನ್ನು ಕರೆದುಕೊಂಡು ಹೋಗಿ, ಇನ್ನು ಮೇಲೆ ಇದು ನಿನ್ನದು ಎಂದು ತೋರಿಸಿದ ಸೀತಾಫಲದ ಕೊರಕಲು ನೆನಪಿದೆಯಾ? ಈ ಊರಿನ ಪ್ರತಿ ಹುಡುಗಿಗೂ ಹಾಗೊಂದು ಕೊರಕಲು ಉಂಟು, ಇನ್ನೊಬ್ಬರು ಅಲ್ಲಿ ಕೈ ಹಾಕುವುದಿಲ್ಲ. ಮೊದಲು ಕಡಿದದ್ದು ನಿನ್ನದನ್ನೇ. ಯಾರ ಹಗೆಯೂ ಅಲ್ಲ, ಅದು ರಸ್ತೆಗೆ ಹತ್ತಿರ.

ನಿನ್ನ ಅವ್ವ ತಂತಿ ಎತ್ತಿ ಒಳಗೆ ನುಗ್ಗಿದಳು. ನಾನು ಹೊರಗೆ ನಿಂತಿದ್ದೆ, ನನ್ನ ಮೊಣಕಾಲಿಗೆ ಅಷ್ಟು ಬಗ್ಗಲು ಆಗಲಿಲ್ಲ. ಅವಳು ಜಗಳಕ್ಕೆ ಹೋದವಳಲ್ಲ ಕಾವ್ಯ. ಕಡಿದು ಬಿದ್ದ ಟೊಂಗೆಗಳಲ್ಲಿ ಕಾಯಿ ಇದ್ದವು, ಬಿಟ್ಟರೆ ಕಪ್ಪಾಗಿ ಹೋಗುತ್ತಿದ್ದವು, ಆಯ್ದುಕೊಳ್ಳಲು ಹೋದಳು. ಕೈಯಲ್ಲಿ ಕುಡುಗೋಲು ಇತ್ತು, ತೊಟ್ಟು ಕೊಯ್ಯಲು. ಸುಂಕಪ್ಪ ಓಡಿ ಬಂದ.

"ಶಾಂತಕ್ಕ, ಹೊರಗ ನಡಿ. ಸಾಹೇಬ್ರು ಬರ್ತಾರ."

"ಆಯ್ಕೊಂಡು ಹೊಕ್ಕೀನಿ ಬಿಡೋ. ನಿನಗೂ ಕೊಡ್ತೀನಿ, ಹೆಲ್ಮೆಟ್ ಎಲ್ಲೈತಿ?"

ಕೂಲಿಯವರು ಗೊಳ್ಳೆಂದು ನಕ್ಕರು. ಅದೇ ಕೆಟ್ಟಿತು. ಅಷ್ಟು ಮಂದಿಯ ಮುಂದೆ ಮರ್ಯಾದೆ ಹೋಯಿತಲ್ಲ, ಸುಂಕಪ್ಪ ಬುಟ್ಟಿಗೆ ಕೈ ಹಾಕಿದ. ಅವಳು ಬಿಡಲಿಲ್ಲ, ಅವನು ಜಗ್ಗಿದ. ಬುಟ್ಟಿಯ ಹಿಡಿ ಕಿತ್ತು ಅವನು ಹಿಂದಕ್ಕೆ ಹೋಗಿ ಹೊಸದಾಗಿ ತೋಡಿದ ಗುಂಡಿಯಲ್ಲಿ ಬಿದ್ದ. ಕೈ ಮುರಿಯಿತು. ಅವನನ್ನು ಗುಂಡಿಯಿಂದ ಎತ್ತಿದವಳೇ ನಿನ್ನ ಅವ್ವ. ತನ್ನ ಸೆರಗು ಹರಿದು ಕೈಗೆ ಕಟ್ಟಿದಳು. ಅದು ಯಾವ ಕಾಗದದಲ್ಲೂ ಬರಲಿಲ್ಲ. ಬೇಲಿ ದಾಟಿ ನುಗ್ಗಿದ್ದು, ಆಯುಧ ಹಿಡಿದಿದ್ದು, ಸರ್ಕಾರಿ ನೌಕರನ ಮೇಲೆ ಕೈ ಮಾಡಿದ್ದು, ಇವಿಷ್ಟು ಬಂದವು. ಆವತ್ತಿನಿಂದ ಅವಳು ಬಳ್ಳಾರಿ ಜೈಲಿನಲ್ಲಿದ್ದಾಳೆ.

ಮೊದಲ ಸಲ ಜಾಮೀನು ಕೇಳಿದ ದಿನ ನೀನೂ ಬಂದಿದ್ದೆ, ಕೊನೆಯ ಬೆಂಚಿನಲ್ಲಿ ಕೂತಿದ್ದೆ. ನಮ್ಮ ವಕೀಲ ನಾಗಭೂಷಣ ಎದ್ದು ನಿಂತು, ಈ ಹೆಂಗಸಿನ ಮನೆತನ ತಲೆತಲಾಂತರದಿಂದ ಆ ಗುಡ್ಡದ ಹಣ್ಣಿನ ಮೇಲೆ ಬದುಕಿದೆ, ಅಭ್ಯಾಸಬಲದಿಂದ ಹೋಗಿದ್ದಾಳೆ ಎಂದು ಹೇಳುತ್ತಿದ್ದ. ಸರ್ಕಾರದ ಕಡೆಯವರು ಒಂದು ಹಾಳೆ ತೆಗೆದರು. ಶಾಂತಕ್ಕನ ಮನೆ: ಕಟ್ಟಿಗೆ ಸೊನ್ನೆ, ಹಣ್ಣು ಸೊನ್ನೆ, ಹುಲ್ಲು ಸೊನ್ನೆ. ಮಾಹಿತಿ ಕೊಟ್ಟವರು ಶಾಂತಕ್ಕ. ಮಾಹಿತಿ ಪಡೆದವರು ಕಾವ್ಯ. "ಕಾವ್ಯ ಎಂಬುವವರು ನಿಮಗೆ ಏನಾಗಬೇಕು?" ಎಂದು ಕೇಳಿದರು. ನಿನ್ನ ಅವ್ವ ಹೆಮ್ಮೆಯಿಂದ "ಮಗಳ್ರಿ" ಅಂದಳು. ಕೋರ್ಟಿನಲ್ಲಿ ಯಾರೋ ನಕ್ಕರು. ಕಾಡಿನಿಂದ ಏನೂ ಬೇಕಿಲ್ಲದವಳು ಕುಡುಗೋಲು ಹಿಡಿದು ಹೋದದ್ದು ಕೆಲಸ ಕೆಡಿಸಲಿಕ್ಕೇ ಎಂದಾಯಿತು. ಜಾಮೀನು ಸಿಗಲಿಲ್ಲ.

ಆಮೇಲೆ ಸಂಡೂರು ಬಸ್ ಸ್ಟ್ಯಾಂಡಿನಲ್ಲಿ ನಾನು ನಿನ್ನ ಕೈ ಹಿಡಿದು ಕೇಳಿದೆ, ಹೋಗಿ ಅದನ್ನು ಅಳಿಸವ್ವ ಎಂದು. "ಒಮ್ಮಿ ಸಬ್ಮಿಟ್ ಆದ್ರ ಲಾಕ್ ಆಗ್ತೈತಿ ಅಜ್ಜಿ. ತೆಗೀಬೇಕಂದ್ರ, ಗೊತ್ತಿದ್ದೂ ಸುಳ್ಳು ತುಂಬೀನಿ ಅಂತ ನಾನ ಬರ್ಕೊಡಬೇಕು. ಬರ್ಕೊಟ್ರ ಆವತ್ತ ನನ್ನ ಕಾಂಟ್ರಾಕ್ಟ್ ಮುಗೀತು, ಮತ್ತ ಎಲ್ಲೂ ತಗೊಳ್ಳಂಗಿಲ್ಲ" ಅಂದೆ. ಹೋದರೆ ಹೋಗಲಿ ಅಂದೆ ನಾನು. ಆಗ ನೀನು ಇನ್ನೊಂದು ಮಾತು ಹೇಳಿದೆ. "ನಂದೊಂದ ಹೋಗಂಗಿಲ್ಲ. ನಾನು ತುಂಬಿದ ಎಲ್ಲಾ ಊರಿನ ಲೆಕ್ಕಾನೂ ತೆಗೆದು ಒಗೀತಾರ. ಪಕ್ಕದ ಊರಿನೋರು ಖರೇ ಹೇಳ್ಯಾರ ಅಜ್ಜಿ. ಅವರ ಗುಡ್ಡಕ್ಕ ನಾಳೆ ಯಾರು ದಿಕ್ಕು?"

ಅದಕ್ಕೆ ನಾನು ಬೈದೆ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಬೈದೆ. ಹೆತ್ತವಳು ಒಳಗಿರುವಾಗ ಪಕ್ಕದ ಊರಿನ ಚಿಂತೆ ಮಾಡುವ ದೊಡ್ಡ ಮನುಷ್ಯಳು ಅಂದೆ. ನೀನು ಬಸ್ ಹತ್ತಿ ಕಿಟಕಿಯ ಪರದೆ ಎಳೆದುಕೊಂಡೆ. ಬೈದೆನೇ ಹೊರತು ಉತ್ತರ ಕೊಡಲಿಲ್ಲ, ಅದು ನನಗೆ ಗೊತ್ತು. ನಾಗಭೂಷಣನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, ಒಂದು ಊರಿನದನ್ನು ಮಾತ್ರ ಮತ್ತೆ ಕೇಳಿ ಬರೆಯಿರಿ ಎಂದು ಕೋರ್ಟು ಹೇಳಬಹುದು, ಹೇಳದೆಯೂ ಇರಬಹುದು, ಆದರೆ ಬರೆದವಳೇ ಬಂದು ನಿಂತು ಹೇಳದೆ ಏನೂ ಆಗುವುದಿಲ್ಲ ಅಂದ. ನೀನು ಹೇಳಿದರೆ ನಿನ್ನ ಅವ್ವ ಹೊರಗೆ ಬರುತ್ತಾಳೆ, ಗುಡ್ಡದ ವಿಷಯವೂ ಮತ್ತೆ ತೆರೆಯುತ್ತದೆ ಎಂಬುದು ಅವನ ನಂಬಿಕೆ. ಅವನದು ಚಿಕ್ಕ ವಯಸ್ಸು. ನಂಬಿಕೆ ಇಟ್ಟುಕೊಂಡಿದ್ದಾನೆ.

ಊರಿನವರು ಹೇಳುತ್ತಾರೆಯೇ ಎಂದು ಕೇಳುತ್ತೀಯಾ? ನಾನು ಬಾಗಿಲು ಬಾಗಿಲು ತಟ್ಟಿದೆ. ಗಾಳೆಪ್ಪ ಕಟ್ಟೆಯ ಮೇಲೆ ಕೂತು, "ಒಬ್ರು ಹೌದು ಅಂದ್ರ ಎಲ್ಲರ ಮನಿಗೂ ಕೇಸ್ ಬರ್ತಾವ ಹುಲುಗಮ್ಮ. ಈಗ ಒಬ್ಬಾಕಿ ಒಳಗ ಅದಾಳ. ಊರಿಗೆ ಊರ ಒಳಗ ಹೋಗೂದು ಬ್ಯಾಡ" ಅಂದ. ನಾನು, "ಹಂಗಾರ ನಿನ್ನ ಮನಿ ಒಲಿಗೆ ಏನು ಹಾಕ್ತೀ, ಮೀಸಿ ಹಾಕ್ತೀಯೇನು?" ಅಂದೆ. ಅವನ ಹೆಂಡತಿ ಒಳಗಿನಿಂದ ನಕ್ಕಳು, ಆದರೆ ಹೊರಗೆ ಬರಲಿಲ್ಲ. ಯಾರೂ ಬರಲಿಲ್ಲ. ರೇಣುಕಾದೇವಿ ಕೂಡ, ನನ್ನ ಮಗನ ನೌಕರಿ ಗಣಿ ಲಾರಿಯದು ಅತ್ತಿ ಎಂದು ಅತ್ತಳು. ಫೋನ್ ಮಾತ್ರ ಕೊಟ್ಟಳು. ಕೋರ್ಟಿನಲ್ಲಿ ನನ್ನ ಮಾತು ನಡೆಯುವುದಿಲ್ಲವಂತೆ, ನಾನು ಆರೋಪಿಯ ತಾಯಿ. ನೀನೂ ಆರೋಪಿಯ ಮಗಳೇ, ಆದರೆ ಆ ಹಾಳೆಯ ಮೇಲೆ ನಿನ್ನ ಹೆಸರಿದೆ. ಹಾಳೆಯ ಮೇಲೆ ಹೆಸರಿದ್ದವರು ಹೇಳಿದರೆ ಕೇಳುತ್ತಾರಂತೆ.

ನಿನ್ನ ಅವ್ವನನ್ನು ನೋಡಲು ಈ ವಾರ ಬಳ್ಳಾರಿಗೆ ಹೋಗಿದ್ದೆ. ಚೆನ್ನಾಗಿದ್ದಾಳೆ. ಊಟ ಮಾಡುತ್ತಾಳೆ. ಒಳಗಿನ ಹೆಂಗಸರಿಗೆ ಪೊರಕೆ ಕಟ್ಟುವುದನ್ನು ಕಲಿಸುತ್ತಿದ್ದಾಳೆ. ಸೋಮವಾರ ನೀನು ಬರುತ್ತೀ ಎಂದು ದಾರಿ ಕಾಯುತ್ತಿದ್ದಾಳೆ. ಕಾವ್ಯ ಬರ್ತಾಳ, ಬಂದು ಹೇಳ್ತಾಳ, ನನ್ನ ಮಗಳ ಮ್ಯಾಲೆ ನನಗ ನಂಬಿಕಿ ಐತಿ ಅಂದಳು.

ನಿನಗೆ ನೌಕರಿ ಹೋದರೆ ಮುಂದೇನು ಎಂದು ನಾನು ಯೋಚಿಸಿಲ್ಲ ಎಂದುಕೊಳ್ಳಬೇಡ. ಯೋಚಿಸಿದ್ದೇನೆ, ಏನೂ ಹೊಳೆದಿಲ್ಲ. ಗುಡ್ಡ ಇದ್ದಿದ್ದರೆ ಬಾ, ಗುಡ್ಡ ಇದೆ ಎಂದು ಬರೆಯುತ್ತಿದ್ದೆ. ಈಗ ಏನೆಂದು ಬರೆಯಲಿ? ಬೇಲಿಯೊಳಗೆ ಕಡಿದ ಬುಡಗಳಿಂದ ಮೊನ್ನೆಯ ಮಳೆಗೆ ಚಿಗುರು ಬಂದಿದೆ. ಅದನ್ನೂ ಸವರಲು ಆಳು ಬರುತ್ತಾರಂತೆ. ನಾನು ದಿನಾ ಹೋಗಿ ತಂತಿಯ ಈಚೆ ನಿಲ್ಲುತ್ತೇನೆ. ಸುಂಕಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಆಚೆ ನಿಂತಿರುತ್ತಾನೆ. ಮೊನ್ನೆ ಅವನು, "ಅಜ್ಜಿ, ನಾನು ಆಕಿ ನೂಕಿದ್ಲು ಅಂತ ಹೇಳಿಲ್ಲ, ಸಾಹೇಬ್ರೇ ಹಂಗ ಬರ್ಕೊಂಡ್ರು" ಅಂದ. ಹಾಗಾದರೆ ಕೋರ್ಟಿಗೆ ಬಂದು ಹೇಳೋ ಅಂದೆ. ಅವನು ಗುಡ್ಡದ ಕಡೆ ನೋಡಿದ. ಅವನೂ ನಿನ್ನ ಥರವೇ. ಸಿಟ್ಟು ಬಂದಿತು, ಆಮೇಲೆ ಅವನಿಗೆ ಮೂಗು ಒರೆಸಿಕೊಳ್ಳಲೂ ಒಂದೇ ಕೈ ಇರುವುದು ನೋಡಿ ಮನೆಗೆ ಬಂದೆ.

ನನಗೆ ಬೈಯುವುದೊಂದೇ ಬರುತ್ತದೆ ಕಾವ್ಯ. ಬೇಡುವುದು ಬರುವುದಿಲ್ಲ, ಯಾರನ್ನೂ ಬೇಡಿದವಳಲ್ಲ. ಈ ಕಾಗದದಲ್ಲಿ ಎಲ್ಲೆಲ್ಲಿ ಬೈದಿದ್ದೇನೋ ಅಲ್ಲೆಲ್ಲ ಬೇಡಿದ್ದೇನೆ ಎಂದು ಓದಿಕೋ.

ಹೊಸಪೇಟೆ ಬಸ್ಸಿನ ಡ್ರೈವರ್ ಅಂಜಿನೇಯನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಡ್ಯಾಮಿನ ಹತ್ತಿರದ ನಿನ್ನ ಆಫೀಸಿಗೆ ತಾನೇ ಬಂದು ಕೊಡುತ್ತೇನೆ ಎಂದಿದ್ದಾನೆ. ಅವನ ಮುಂದೆ ಹರಿಯಬೇಡ, ಅವನಿಗೆ ಬೇಜಾರಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಚೀಟಿಯ ಫೋಟೋದಲ್ಲಿ ಸೊರಗಿದ್ದದ್ದು ಖರೆ.

ಬೈದರೂ ನಿನ್ನವಳೇ ಆದ
ಅಜ್ಜಿ ಹುಲುಗಮ್ಮ

ಮತ್ತೆ ಬರೆದದ್ದು: ಕಾಗದ ಮಡಿಸಿ ಅಂಟು ಹಚ್ಚಿದ್ದೆ. ಅಂಜಿನೇಯ ಹಾರ್ನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ಕಿತ್ತು ಬರೆಯುತ್ತಿದ್ದೇನೆ.

ನಿನ್ನ ಅವ್ವ ದಾರಿ ಕಾಯುತ್ತಿದ್ದಾಳೆ ಎಂದದ್ದು ನಾನು ಕಟ್ಟಿದ ಮಾತು. ಅವಳು ಜಾಲರಿಯಿಂದ ಬೆರಳು ತೂರಿಸಿ, ನನ್ನ ಬೆರಳು ಹಿಡಿದು, 'ಕಾವ್ಯಗ ಏನೂ ತಿಳಿಸಂಗಿಲ್ಲ' ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಸೋಮವಾರ ಜಡ್ಜ್ ಆರೋಪ ಓದಿ, ಒಪ್ಪುತ್ತೀಯಾ ಎಂದು ಕೇಳುತ್ತಾರೆ. ಒಪ್ಪುತ್ತಾಳಂತೆ. "ಹುಡುಗಿ ಬರ್ದಿದ್ದು ಎಲ್ಲಾ ಖರೇ ಐತ್ರಿ, ನಾನು ಎಂದೂ ಕಾಡಿಗೆ ಹೋದಾಕಿ ಅಲ್ಲ, ಆವತ್ತ ಕಳುವು ಮಾಡಾಕ ಹೋಗಿದ್ದೆ, ಆತನ್ನ ನೂಕಿದಾಕಿನೂ ನಾನ" ಎಂದು ಹೇಳುತ್ತಾಳಂತೆ. ಹಾಗೆ ಹೇಳಿದರೆ ನಿನ್ನ ಸೊನ್ನೆ ಗಟ್ಟಿಯಾಗುತ್ತದೆ, ನಿನ್ನ ನೌಕರಿಗೆ ಯಾರೂ ಕೈ ಹಚ್ಚುವುದಿಲ್ಲ ಎಂದು ಅವಳಿಗೆ ಒಳಗಿನ ಯಾರೋ ಹೇಳಿಕೊಟ್ಟಿದ್ದಾರೆ. ನಾಗಭೂಷಣನಿಗೆ ಇದು ಗೊತ್ತಿಲ್ಲ. ಅವನಿಗೆ ಹೇಳಿದರೆ ವಕೀಲನೇ ಬೇಡ ಎನ್ನುತ್ತಾಳೆ. ಎಷ್ಟು ವರ್ಷ ಆಗುತ್ತದೆ ಎಂದೂ ಕೇಳಿಕೊಂಡಿಲ್ಲ ಹುಚ್ಚಿ.

ನಾನು ಬೈದೆ, ಅತ್ತೆ, ಜಾಲರಿಗೆ ಹಣೆ ಚಚ್ಚಿಕೊಂಡೆ. ನನ್ನ ಮಾತು ಅವಳು ಕೇಳುವುದಿಲ್ಲ.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಬಾ. ನೀನು ಸೊನ್ನೆಯ ಮಾತು ಎತ್ತದಿದ್ದರೂ ಸರಿ, ಆ ಊರಿನವರ ಗುಡ್ಡವೂ ಉಳಿಯಲಿ, ನಾನು ಇನ್ನು ಏನೂ ಅನ್ನುವುದಿಲ್ಲ. ಅವಳು ಬಾಯಿ ತೆರೆಯುವ ಮುಂಚೆ ಒಳಗೆ ಬಂದು ಎದುರಿಗೆ ನಿಲ್ಲು, ನಿನ್ನ ಮುಖ ನೋಡಿದರೆ ಆ ಸುಳ್ಳು ಅವಳ ಬಾಯಿಗೆ ಬರಲಿಕ್ಕಿಲ್ಲ. ಈ ಸಲ ಕೊನೆಯ ಬೆಂಚು ಬೇಡ.